ಬೆಳಕಿನ ಕಾಲುವೆ

(ಮಹೋತ್ಸವದ ಸಭೆಯಲ್ಲಿ ಓದಿದ ಉಪನ್ಯಾಸ)



ಹಾನಗಲ್ಲ ಸೀಮೆಯ ಒಕ್ಕಲಿಗನಿಗೆ ಕಾಲುವೆಯ ಮರ್ಮವನ್ನು ಹೊಸದಾಗಿ ಹೇಳಿಕೊಡಬೇಕಾದುದಿಲ್ಲ. ಧರ್ಮಾ ನದಿಯ ನೀರು ಒಡ್ಡಿನ ಬಳಿ ತಿರುಗಿ ಕಾಲುವೆಗೆ ಬಿದ್ದು, ಅಲ್ಲಿಂದ ಕವಲೊಡೆಯುತ್ತ ಊರೂರಿನ ಕೆರೆಗಳಿಗೆ ಇಳಿಯುವದನ್ನು ಆತನು ಹುಟ್ಟಿದಾಗಿನಿಂದ ಕಂಡಿರುವನು. ನಡುದಾರಿಯಲ್ಲಿ ನೀರನ್ನು ಎತ್ತುವ ಯಂತ್ರವಿಲ್ಲ. ನೆಲದ ಇಳಿಜಾರೇ ಯಂತ್ರ. ಕವಲಿನಲ್ಲಿ ನಿಂತ ಕಲ್ಲು ತಾನು ಏನೊಂದನ್ನೂ ಮಾಡದೆ ನೀರನ್ನು ಪಾಲು ಮಾಡುವದು. ಆ ಕಲ್ಲಿಗೆ ಕೂಲಿ ಬೇಡ, ಎಣ್ಣೆ ಬೇಡ, ವಿದ್ಯುತ್ತು ಬೇಡ. ಕಾಲುವೆಯ ಅಂಚು ಒಡೆಯದಂತೆ ಕಾಯ್ದುಕೊಂಡರೆ ತಲೆಮಾರುಗಳವರೆಗೆ ಅದು ನಡೆಯುವದು; ಒಡೆದು ಹೋದರೆ ಕೆಳಗಿನ ಊರುಗಳೆಲ್ಲ ಒಣಗುವವು.

ಈ ಉಪನ್ಯಾಸಕ್ಕೆ ವಿಷಯವಾದ ಗಾಜಿನ ಎಳೆಯ ಜಾಲವು ಬಹುಮಟ್ಟಿಗೆ ಇದೇ ಬುದ್ಧಿಯಿಂದ ಕಟ್ಟಿದುದಾಗಿದೆ. ಇಲ್ಲಿ ಹರಿಯುವದು ನೀರಲ್ಲ, ಬೆಳಕು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳ ಹಳ್ಳಿಗಳಲ್ಲಿ ಪಂಚಾಯತಿಯ ಕಚೇರಿಗೆ ಹೋದವರು ಗೋಡೆಗೆ ಅಥವಾ ಮೂಲೆಗೆ ಹಚ್ಚಿದ ಒಂದು ಪೆಟ್ಟಿಗೆಯನ್ನೂ ಅದರೊಳಗೆ ಹೊಕ್ಕ ಕರಿಯ ಕೇಬಲನ್ನೂ ನೋಡಿರಬಹುದು. ಆ ಕೇಬಲಿನೊಳಗೆ ಕೂದಲಿನಷ್ಟು ಸಣ್ಣ ಗಾಜಿನ ಎಳೆಗಳಿರುವವು. ಅದು ಅಲ್ಲಿಯವರೆಗೆ ಬಂದ ಬಗೆ ಯಾವದು, ನಡುವೆ ವಿದ್ಯುತ್ತಿಲ್ಲದೆ ಹ್ಯಾಗೆ ನಡೆಯುತ್ತದೆ, ಪಂಚಾಯತಿಯ ಗೋಡೆಯವರೆಗೆ ಬಂದ ಬೆಳಕು ಮಗ್ಗುಲ ಮನೆಗೆ ಹೋಗಲು ಇಷ್ಟು ವರ್ಷ ಏಕೆ ಬೇಕಾಯಿತು, ಎಂಬದನ್ನು ಇಲ್ಲಿ ವಿಚಾರಿಸತಕ್ಕದ್ದಿದೆ.

ಮೊದಲು ಗಾಜಿನ ಮಾತು. ಬೆಳಕು ನೆಟ್ಟಗೆ ಹೋಗತಕ್ಕ ವಸ್ತುವೆಂದು ಎಲ್ಲರೂ ಬಲ್ಲರು. ಅದನ್ನು ಬಾಗಿಸಿ ನಡೆಸಬಹುದೆಂಬದನ್ನು ಜಿನೀವಾದ ಡೇನಿಯಲ್ ಕೊಲಾಡನ್ ಎಂಬ ಪಂಡಿತನು ೧೮೪೨ರ ಸುಮಾರಿಗೆ ನೀರಿನ ಧಾರೆಯೊಳಗೆ ಬೆಳಕನ್ನು ಬಿಟ್ಟು ತೋರಿಸಿದನು. ಲಂಡನ್ನಿನಲ್ಲಿ ಜಾನ್ ಟಿಂಡಾಲನು ೧೮೫೪ರಲ್ಲಿ ಅದನ್ನೇ ಸಭೆಯ ಮುಂದೆ ಮಾಡಿದನು. ಧಾರೆಯು ಬಾಗಿದತ್ತ ಬೆಳಕೂ ಬಾಗಿತು. ದಟ್ಟವಾದ ವಸ್ತುವಿನೊಳಗಿಂದ ತೆಳುವಾದ ವಸ್ತುವಿನ ಅಂಚಿಗೆ ಓರೆಯಾಗಿ ಬಂದ ಬೆಳಕು ಹೊರಬೀಳದೆ ಒಳಕ್ಕೇ ಮರಳುವದು, ಇದೇ ಅದರ ಕೀಲು. ಒಂದು ಬಗೆಯ ಗಾಜಿನ ಸುತ್ತಲೂ ಇನ್ನೊಂದು ಬಗೆಯ ಗಾಜನ್ನು ಹೊದಿಸಿ ಎಳೆಯನ್ನು ತೆಗೆದರೆ, ಒಳಗೆ ಹೊಕ್ಕ ಬೆಳಕು ಗೋಡೆಯಿಂದ ಗೋಡೆಗೆ ಪುಟಿಯುತ್ತ ತುದಿಯನ್ನು ಮುಟ್ಟುವದು. ಪಂಜಾಬದ ಮೋಗಾದಲ್ಲಿ ೧೯೨೬ರಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿಯವರು ಲಂಡನ್ನಿನಲ್ಲಿ ಹೆರಾಲ್ಡ್ ಹಾಪ್‌ಕಿನ್ಸನ ಜೊತೆಗೆ ದುಡಿದು, ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಿದ ವರದಿಯನ್ನು ೧೯೫೪ರಲ್ಲಿ ಪ್ರಕಟಿಸಿದರು. ಈ ಶಾಸ್ತ್ರಕ್ಕೆ ‘ಫೈಬರ್ ಆಪ್ಟಿಕ್ಸ್’ ಎಂಬ ಹೆಸರನ್ನು ಇಟ್ಟವರೂ ಅವರೇ.

ಆದರೆ ಚಿತ್ರವು ಒಂದು ಮೊಳ ಹೋದರೆ ವೈದ್ಯನ ಕೆಲಸವಾಗುವದು. ಸಮಾಚಾರವು ಊರಿಂದೂರಿಗೆ ಹೋಗಬೇಕು. ಆ ಕಾಲದ ಗಾಜು ಅಷ್ಟು ಶುದ್ಧವಾಗಿರಲಿಲ್ಲ. ಚಾರ್ಲ್ಸ್ ಕಾವೋ, ಜಾರ್ಜ್ ಹಾಕ್‌ಹ್ಯಾಮ್ ಎಂಬಿಬ್ಬರು ಇಂಗ್ಲಂಡಿನ ಹಾರ್ಲೋ ಎಂಬಲ್ಲಿಯ ಪ್ರಯೋಗಶಾಲೆಯಲ್ಲಿ ಲೆಕ್ಕ ಹಾಕಿ, ದೋಷವು ಗಾಜಿನದಲ್ಲ, ಗಾಜಿನೊಳಗಿನ ಕಲ್ಮಷದ್ದು ಎಂದು ೧೯೬೬ರಲ್ಲಿ ಸಾರಿದರು. ಒಂದು ಕಿಲೋಮೀಟರು ನಡೆದ ಮೇಲೆ ನೂರರಲ್ಲಿ ಒಂದು ಪಾಲು ಬೆಳಕು ಉಳಿದರೂ ಸಾಕು, ಟೆಲಿಫೋನಿನ ಕೆಲಸ ನಡೆದೀತು ಎಂಬದು ಅವರ ಅಳತೆಯಾಗಿತ್ತು. ನಾಲ್ಕು ವರ್ಷಗಳ ತರುವಾಯ, ೧೯೭೦ರಲ್ಲಿ, ಅಮೇರಿಕೆಯ ಕಾರ್ನಿಂಗ್ ಕಾರಖಾನೆಯಲ್ಲಿ ಮಾರರ್, ಕೆಕ್, ಶುಲ್ಟ್ಸ್ ಎಂಬ ಮೂವರು ಆ ಅಳತೆಯನ್ನು ಮೀರಿದ ಎಳೆಯನ್ನು ತೆಗೆದರು. ಕಾವೋ ಅವರಿಗೆ ೨೦೦೯ರಲ್ಲಿ ನೋಬೆಲ್ ಪಾರಿತೋಷಕವು ದೊರೆಯಿತು. ಈಗಿನ ಎಳೆಯಾದರೋ ೧೫ ಕಿಲೋಮೀಟರು ನಡೆದ ಮೇಲೂ ಅರ್ಧದಷ್ಟು ಬೆಳಕನ್ನು ಉಳಿಸಿಕೊಂಡಿರುವದು. ಅದರ ಒಟ್ಟು ದಪ್ಪವು ಮಿಲಿಮೀಟರಿನ ಎಂಟನೆಯ ಒಂದು ಪಾಲು. ಬೆಳಕು ನಡೆಯುವ ನಡುವಿನ ತಿರುಳಾದರೋ ಮಿಲಿಮೀಟರಿನ ನೂರನೆಯ ಒಂದು ಪಾಲಿಗಿಂತಲೂ ಸಣ್ಣದು.

ಹಿರಿಯ ಊರುಗಳ ನಡುವೆ ಈ ಎಳೆಯನ್ನು ಹೂಳುವ ಕೆಲಸವು ಬೇಗನೆ ಸಾಗಿತು. ಕಷ್ಟವಿದ್ದುದು ಕೊನೆಯ ತುಂಡಿನಲ್ಲಿ. ಎಂದರೆ ಟೆಲಿಫೋನಿನ ಕಚೇರಿಯಿಂದ ಮನೆಯ ಬಾಗಿಲವರೆಗಿನ ದಾರಿಯಲ್ಲಿ. ಆ ದಾರಿಯು ನೂರು ವರ್ಷಗಳವರೆಗೆ ತಾಮ್ರದ ಸ್ವಾಧೀನದಲ್ಲಿತ್ತು. ಪ್ರತಿಯೊಂದು ಮನೆಗೆ ಒಂದು ಜೋಡಿ ತಾಮ್ರದ ತಂತಿ. ಮಾತಿಗೆ ಅದು ಸಾಕಾಯಿತು. ಇಂಟರ್‌ನೆಟ್ಟು ಬಂದ ಮೇಲೆ ತಾಮ್ರದ ಬಡತನವು ಹೊರಬಿದ್ದಿತು: ಕಚೇರಿಯಿಂದ ದೂರ ಸರಿದಂತೆ ವೇಗವು ಕುಂದಿ, ಕೆಲವು ಕಿಲೋಮೀಟರುಗಳಾಚೆಗೆ ಇಲ್ಲವೆಂಬಷ್ಟಾಗುವದು. ಹಾನಗಲ್ಲಿನಂಥ ಮಲೆನಾಡ ಸೆರಗಿನ ಊರುಗಳಲ್ಲಿ ಮಳೆಗಾಲದ ತಿಂಗಳುಗಳಲ್ಲಿ ತಂತಿಯ ಕೂಡಿಕೆಗಳಲ್ಲಿ ನೀರು ಹೊಕ್ಕು ಮಾತು ಕರಕರಗುಟ್ಟುವದನ್ನೂ, ಸಿಡಿಲು ಬಡಿದ ಮರುದಿನ ಟೆಲಿಫೋನು ಮೂಕವಾಗುವದನ್ನೂ ಹಿರಿಯರು ಮರೆತಿರಲಾರರು. ತಾಮ್ರಕ್ಕೆ ಪೇಟೆಯಲ್ಲಿ ಬೆಲೆಯಿದ್ದುದರಿಂದ ಕಳ್ಳರ ಕಣ್ಣೂ ಅದರ ಮೇಲಿತ್ತು. ಗಾಜಿಗೆ ಈ ಮೂರರ ಭಯವೂ ಇಲ್ಲ. ಅದು ಸಿಡಿಲನ್ನು ಎಳೆಯದು, ಗುಜರಿಯ ಅಂಗಡಿಯಲ್ಲಿ ಅದಕ್ಕೆ ಕಾಸೂ ಹುಟ್ಟದು.

ಹಾಗಾದರೆ ಮನೆಗೊಂದು ಗಾಜಿನ ಎಳೆಯನ್ನು ಕಚೇರಿಯಿಂದಲೇ ಎಳೆಯಬಾರದೇಕೆ? ಎಳೆಯಬಹುದು; ಆದರೆ ಸಾವಿರ ಮನೆಗಳಿಗೆ ಸಾವಿರ ಎಳೆ, ಕಚೇರಿಯಲ್ಲಿ ಸಾವಿರ ದೀಪ. ಎರಡನೆಯ ಉಪಾಯವೆಂದರೆ ಒಂದೇ ಎಳೆಯನ್ನು ಓಣಿಯ ಬಾಯಿಯವರೆಗೆ ತಂದು, ಅಲ್ಲಿ ಕಬ್ಬಿಣದ ಕಪಾಟಿನೊಳಗೆ ಯಂತ್ರವನ್ನಿಟ್ಟು ಹಂಚುವದು. ಇದಕ್ಕೆ ಓಣಿಯ ಬಾಯಿಯಲ್ಲಿ ವಿದ್ಯುತ್ತು ಬೇಕು, ಬ್ಯಾಟರಿ ಬೇಕು, ಬೇಸಿಗೆಯ ಕಾವಿಗೆ ತಡೆ ಬೇಕು. ಲೈಟು ಹೋದಾಗ ಓಣಿಯೆಲ್ಲ ಮೂಕವಾಗುವದು. ಮೂರನೆಯ ಉಪಾಯವನ್ನು ಬ್ರಿಟಿಷ್ ಟೆಲಿಕಾಂ ಸಂಸ್ಥೆಯ ಮಾರ್ಟಲ್‌ಶಮ್ ಪ್ರಯೋಗಶಾಲೆಯವರು ೧೯೮೭ರಲ್ಲಿ ಮುಂದಿಟ್ಟರು. ಓಣಿಯ ಬಾಯಿಯಲ್ಲಿ ಯಂತ್ರವೇ ಬೇಡ. ಗಾಜಿನಿಂದಲೇ ಗಾಜನ್ನು ಕವಲೊಡೆಸಿದರೆ ಸಾಕು ಎಂಬದು ಅವರ ಹವಣಿಕೆ. ಎರಡು ಎಳೆಗಳನ್ನು ಮಗ್ಗುಲಿಗೆ ಇಟ್ಟು ಬೆಂಕಿಯಲ್ಲಿ ಕರಗಿಸಿ ಒಟ್ಟಿಗೆ ಜಗ್ಗಿದರೆ, ಒಂದರೊಳಗಿನ ಬೆಳಕು ಎರಡಕ್ಕೂ ಹಂಚಿಹೋಗುವದು. ಎರಡನ್ನು ನಾಲ್ಕಾಗಿ, ನಾಲ್ಕನ್ನು ಎಂಟಾಗಿ, ಹೀಗೆ ಮೂವತ್ತೆರಡರವರೆಗೆ ಒಡೆಯಬಹುದು. ತರುವಾಯ ಇದೇ ಕವಲನ್ನು ಒಂದು ಗಾಜಿನ ಹಲ್ಲೆಯ ಮೇಲೆ ಅಚ್ಚೊತ್ತುವದೂ ರೂಢಿಗೆ ಬಂದಿತು. ಈ ಕವಲಿಗೆ ಸ್ಪ್ಲಿಟರ್ ಎನ್ನುವರು. ಧರ್ಮಾ ಕಾಲುವೆಯ ಕವಲಿನ ಕಲ್ಲಿನಂತೆ ಅದಕ್ಕೆ ವಿದ್ಯುತ್ತಿಲ್ಲ, ಬುದ್ಧಿಯೂ ಇಲ್ಲ. ಆದುದರಿಂದಲೇ ಈ ಬಗೆಯ ಜಾಲಕ್ಕೆ ‘ಪ್ಯಾಸಿವ್’ ಜಾಲ ಎಂದು ಹೆಸರಾಯಿತು. ಎಂಜಿನಿಯರರು ಚಿಕ್ಕದಾಗಿ ಪಾನ್ ಎನ್ನುವರು. ಸವಣೂರಿನ ಎಲೆಯ ಪಾನಿಗೂ ಇದಕ್ಕೂ ಸಂಬಂಧವಿಲ್ಲ.

ಕಾಲುವೆಗೂ ಇದಕ್ಕೂ ಒಂದು ದೊಡ್ಡ ಭೇದವುಂಟು; ಅದನ್ನು ತಿಳಿಯದೆ ಮುಂದಿನದು ತಿಳಿಯಲಾರದು. ನೀರನ್ನು ಪಾಲು ಮಾಡಿದರೆ ಒಬ್ಬನಿಗೆ ಹೋದ ನೀರು ಇನ್ನೊಬ್ಬನಿಗೆ ಇಲ್ಲ. ಬೆಳಕನ್ನು ಪಾಲು ಮಾಡಿದರೆ ಅದರ ಕಾಂತಿಯು ಕುಂದುವದೇ ಹೊರತು, ಅದು ಹೊತ್ತ ಸಮಾಚಾರವು ಕುಂದುವದಿಲ್ಲ. ಕಚೇರಿಯಿಂದ ಹೊರಟ ಮಾತು ಮೂವತ್ತೆರಡು ಕವಲುಗಳಿಗೂ ಪೂರ್ಣವಾಗಿ ಹೋಗುವದು. ಹಳ್ಳಿಯಲ್ಲಿ ಡಂಗುರ ಹೊಡೆದಂತೆ ಇದು: ಕೇಳುವವರು ಎಲ್ಲರೂ, ಆದರೆ ತನ್ನ ಹೆಸರು ಬಂದಾಗ ಮಾತ್ರ ಆಯಾ ಮನೆಯವನು ತನ್ನ ಮಾತನ್ನು ತೆಗೆದುಕೊಳ್ಳುವನು. ಪಕ್ಕದ ಮನೆಯವನ ಗುಟ್ಟು ಕೇಳಬಾರದೆಂದು ಪ್ರತಿಯೊಬ್ಬನ ಮಾತಿಗೂ ಬೇರೆ ಬೇರೆ ಗುಪ್ತಲಿಪಿಯ ಬೀಗವನ್ನು ಹಾಕಿರುವರು.

ಮನೆಗಳಿಂದ ಕಚೇರಿಯ ಕಡೆಗೆ ಬರುವ ಮಾತಿನ ಪ್ರಶ್ನೆಯು ಹೆಚ್ಚು ಬಿಗಿಯಾದದ್ದು. ಮೂವತ್ತೆರಡು ಮನೆಗಳು ಒಮ್ಮೆಲೇ ಬೆಳಕನ್ನು ಬೀರಿದರೆ ಅದು ಸಂತೆಯ ಗದ್ದಲವಾಗುವದು. ಆದುದರಿಂದ ಒಬ್ಬೊಬ್ಬರಿಗೆ ಒಂದೊಂದು ಸರದಿ. ಸೆಕೆಂದಿನ ಎಂಟುಸಾವಿರದಲ್ಲಿ ಒಂದು ಪಾಲಿನ ಕಾಲವೇ ಒಂದು ಸುತ್ತು. ಅದರೊಳಗೆ ಯಾರು ಎಷ್ಟು ಹೊತ್ತು ಬೆಳಗತಕ್ಕದ್ದೆಂದು ಕಚೇರಿಯ ಯಂತ್ರವು ಗೊತ್ತುಮಾಡುವದು. ಬೇಕಾದವನಿಗೆ ಹೆಚ್ಚು, ಸುಮ್ಮನಿದ್ದವನಿಗೆ ಕಡಿಮೆ; ನೀರಗಂಟಿಯು ಬೆಳೆಯನ್ನು ನೋಡಿ ತೂಬನ್ನು ಎತ್ತಿದಂತೆ. ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಗಾಜಿನೊಳಗೆ ಬೆಳಕು ಸೆಕೆಂದಿಗೆ ಸುಮಾರು ೨ ಲಕ್ಷ ಕಿಲೋಮೀಟರು ನಡೆಯುವದು. ೨ ಕಿಲೋಮೀಟರು ದೂರದ ಮನೆಯ ಬೆಳಕು ಸೆಕೆಂದಿನ ಹತ್ತು ಲಕ್ಷದಲ್ಲಿ ಹತ್ತು ಪಾಲಿನಲ್ಲಿ ಬರುವದು. ೧೮ ಕಿಲೋಮೀಟರು ದೂರದ ಹಳ್ಳಿಯದು ತೊಂಬತ್ತು ಪಾಲನ್ನು ತೆಗೆದುಕೊಳ್ಳುವದು. ಈ ಅಂತರವನ್ನು ಲೆಕ್ಕಿಸದಿದ್ದರೆ ಸರದಿಗಳು ಒಂದರ ಮೇಲೊಂದು ಬೀಳುವವು. ಅದಕ್ಕಾಗಿ ಹೊಸ ಪೆಟ್ಟಿಗೆಯನ್ನು ಹಚ್ಚಿದ ಕೂಡಲೆ ಕಚೇರಿಯ ಯಂತ್ರವು ಅದನ್ನು ಕೂಗಿ ಕರೆದು, ಮಾರುತ್ತರವು ಬರುವ ಹೊತ್ತಿನಿಂದ ಅದರ ದೂರವನ್ನು ಅಳೆದು, ಹತ್ತಿರದವನನ್ನು ಅಷ್ಟು ತಡೆದು ಮಾತಾಡಿಸುವದು. ಹೀಗೆ ಎಲ್ಲ ಮನೆಗಳೂ ಒಂದೇ ದೂರದಲ್ಲಿದ್ದಂತೆ ಆಗುವವು. ಕಾಲುವೆಯ ಮೇಲ್ತಲೆಯ ಊರಿಗೆ ಹೆಚ್ಚು, ಕೊನೆಯ ಊರಿಗೆ ಉಳಿದದ್ದು, ಎಂಬ ಹಳೆಯ ಜಗಳಕ್ಕೆ ಇಲ್ಲಿ ಎಡೆಯಿಲ್ಲ.

ಎಡೆಯಿಲ್ಲವೆಂದರೂ ಒಂದು ಅಪಾಯವುಂಟು. ಕೆಟ್ಟ ಪೆಟ್ಟಿಗೆಯೊಂದು ಸರದಿಯನ್ನು ಮರೆತು ಎಡೆಬಿಡದೆ ಬೆಳಗತೊಡಗಿದರೆ ಆ ಕವಲಿನ ಮೂವತ್ತೆರಡು ಮನೆಗಳ ಮಾತೂ ಕೆಡುವದು. ನಡುವಿನ ಸ್ಪ್ಲಿಟರಿಗೆ ಬುದ್ಧಿಯಿಲ್ಲದ ಕಾರಣ ಅದು ಇಂಥವನನ್ನು ತಡೆಯಲಾರದು. ತುದಿಯಲ್ಲಿದ್ದವರ ಶಿಸ್ತೇ ಈ ಜಾಲಕ್ಕೆ ಆಧಾರ.

ಬ್ರಿಟಿಷರ ಹವಣಿಕೆಯು ಕೂಡಲೆ ಮನೆಮನೆಗೆ ಬರಲಿಲ್ಲ. ಬೆಳಕಿನ ಯಂತ್ರಗಳು ಆಗ ತುಟ್ಟಿಯಾಗಿದ್ದವು. ಬರಿಯ ಟೆಲಿಫೋನಿನ ಮಾತಿಗೆ ತಾಮ್ರವೇ ಸಾಕಾಗಿದ್ದಿತು. ೧೯೯೫ರಲ್ಲಿ ಹಲವು ದೇಶಗಳ ಟೆಲಿಫೋನು ಸಂಸ್ಥೆಗಳು ಒಂದುಗೂಡಿ, ಎಲ್ಲರ ಯಂತ್ರಗಳೂ ಒಂದೇ ಮಾದರಿಯಲ್ಲಿದ್ದರೆ ಬೆಲೆ ಇಳಿದೀತೆಂದು ಯೋಚಿಸಿದವು. ಅದರ ಫಲವಾಗಿ ೧೯೯೮ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಮೊದಲನೆಯ ಕಟ್ಟಳೆಯನ್ನು ಹೊರಡಿಸಿತು. ಅದರ ವೇಗವು ಮೊದಲು ಸೆಕೆಂದಿಗೆ ಹದಿನೈದೂವರೆ ಕೋಟಿ ಬಿಟ್. ಆ ಮೇಲೆ ಅರವತ್ತೆರಡು ಕೋಟಿ. ಬಿಟ್ ಎಂದರೆ ಹೌದು-ಅಲ್ಲ ಎಂಬ ಒಂದು ಸಂಜ್ಞೆ. ೨೦೦೩ರಲ್ಲಿ ಜಿಪಾನ್ ಎಂಬ ಕಟ್ಟಳೆ ಬಂದಿತು: ಕಚೇರಿಯಿಂದ ಮನೆಗೆ ೨೪೮.೮ ಕೋಟಿ ಬಿಟ್, ಮನೆಯಿಂದ ಕಚೇರಿಗೆ ಅದರ ಅರ್ಧ. ಮರುವರ್ಷವೇ ಇನ್ನೊಂದು ಪಂಡಿತ ಮಂಡಲಿಯವರು ಈಪಾನ್ ಎಂಬ ಸರಳವಾದ ಕಟ್ಟಳೆಯನ್ನು ಪ್ರಕಟಿಸಿದರು. ಜಪಾನದಂಥ ಪೂರ್ವದೇಶಗಳಲ್ಲಿ ಅದು ಹಬ್ಬಿತು. ಭಾರತವು ಹಿಡಿದದ್ದು ಜಿಪಾನಿನ ದಾರಿ.

ಇಲ್ಲಿ ನಿಂತು ನೋಡತಕ್ಕ ಮಾತೊಂದಿದೆ. ೨೦೧೦ರಲ್ಲಿ ಎಕ್ಸ್‌ಜಿ-ಪಾನ್, ೨೦೧೬ರಲ್ಲಿ ಎಕ್ಸ್‌ಜಿಎಸ್-ಪಾನ್ ಎಂಬ ಕಟ್ಟಳೆಗಳು ಬಂದು ವೇಗವು ಸುಮಾರು ಸಾವಿರ ಕೋಟಿ ಬಿಟ್‌ಗೆ ಏರಿತು; ೨೦೨೧ರಲ್ಲಿ ಐದುಸಾವಿರ ಕೋಟಿಯ ಕಟ್ಟಳೆಯೂ ಆಯಿತು. ಇಷ್ಟಾದರೂ ಭೂಮಿಯೊಳಗಿನ ಎಳೆಯನ್ನು ಬದಲಿಸಬೇಕಾಗಲಿಲ್ಲ. ಕಂಬದ ಮೇಲಿನ ಸ್ಪ್ಲಿಟರನ್ನೂ ಬದಲಿಸಬೇಕಾಗಲಿಲ್ಲ. ಜಿಪಾನ್ ಹೋಗುವಾಗ ೧೪೯೦, ಬರುವಾಗ ೧೩೧೦ ನ್ಯಾನೋಮೀಟರಿನ ಬಣ್ಣವನ್ನು ಬಳಸುವದು. ಎಕ್ಸ್‌ಜಿಎಸ್-ಪಾನ್ ೧೫೭೭, ೧೨೭೦ರ ಬಣ್ಣಗಳನ್ನು. ಇವೆಲ್ಲ ಮನುಷ್ಯನ ಕಣ್ಣಿಗೆ ಕಾಣದ ಬಣ್ಣಗಳು. ಬಣ್ಣ ಬೇರೆಯಾದ್ದರಿಂದ ಹಳೆಯದೂ ಹೊಸದೂ ಒಂದೇ ಎಳೆಯೊಳಗೆ ಒಂದನ್ನೊಂದು ಮುಟ್ಟದೆ ನಡೆಯುವವು. ನಡುವೆ ಯಂತ್ರವನ್ನಿಟ್ಟಿದ್ದರೆ ಪ್ರತಿಯೊಂದು ಕಟ್ಟಳೆಗೂ ಅದನ್ನು ಕಿತ್ತು ಹೊಸದನ್ನಿಡಬೇಕಾಗುತ್ತಿತ್ತು. ನಡುವಿನ ಗಾಜಿಗೆ ಬುದ್ಧಿಯಿಲ್ಲದಿರುವದೇ ಅದರ ಆಯುಷ್ಯಕ್ಕೆ ಕಾರಣವಾಯಿತು. ಎರಡು ತುದಿಗಳ ಪೆಟ್ಟಿಗೆಗಳು ಹಳತಾಗಿ ಹೋಗುವವು. ಹೂಳಿದ ಎಳೆಯು ದಶಕಗಳವರೆಗೆ ಬಾಳುವದು.

ಕಾಂತಿಯ ಲೆಕ್ಕವೊಂದನ್ನು ಮಾತ್ರ ಯಾರೂ ಮೀರಲಾರರು. ಪ್ರತಿಯೊಂದು ಇಬ್ಭಾಗದಲ್ಲಿ ಅರ್ಧ ಬೆಳಕು ಹೋಗುವದು. ಮೂವತ್ತೆರಡಾದರೆ ಮೂವತ್ತೆರಡರಲ್ಲಿ ಒಂದಂಶ. ದಾರಿಯ ನಷ್ಟ, ಕೂಡಿಕೆಗಳ ನಷ್ಟ ಬೇರೆ. ಹೊರಟ ಬೆಳಕಿನಲ್ಲಿ ಸುಮಾರು ಆರುನೂರರಲ್ಲಿ ಒಂದು ಪಾಲು ಬಂದು ಮುಟ್ಟಿದರೂ ಓದಿಕೊಳ್ಳುವಂತೆ ಸಾಮಾನ್ಯ ಜಿಪಾನ್ ಯಂತ್ರವನ್ನು ಕಟ್ಟಿರುವರು. ಆದುದರಿಂದಲೇ ರೂಢಿಯಲ್ಲಿ ಅದಕ್ಕೆ ೨೦ ಕಿಲೋಮೀಟರಿನ ಎಲ್ಲೆ. ತಾಲೂಕಿನ ಊರಿನಿಂದ ಸುತ್ತಲಿನ ಹಳ್ಳಿಗಳಿಗೆ ಬಹುಮಟ್ಟಿಗೆ ಹೊಂದತಕ್ಕ ಅಳತೆಯಿದು. ಈ ಸೀಮೆಯ ತಾಲೂಕುಗಳನ್ನು ನೋಡಿಯೇ ಗೊತ್ತುಮಾಡಿದರೋ ಎಂಬಂತಿದೆ.

ಇನ್ನು ಭಾರತದ ಕಥೆ. ಹಳ್ಳಿಯ ಟೆಲಿಫೋನಿನ ವಿಷಯದಲ್ಲಿ ಕನ್ನಡ ನಾಡಿಗೆ ಒಂದು ಹೆಮ್ಮೆಯುಂಟು. ೧೯೮೪ರಲ್ಲಿ ಸ್ಥಾಪಿತವಾದ ಸಿ-ಡಾಟ್ ಎಂಬ ಸರಕಾರದ ಸಂಶೋಧನ ಸಂಸ್ಥೆಯು, ತಂಪುಗೊಳಿಸಿದ ಕೋಣೆಯಿಲ್ಲದೆ ಹಳ್ಳಿಯ ಧೂಳಿನಲ್ಲಿಯೂ ಕಾವಿನಲ್ಲಿಯೂ ನಡೆಯತಕ್ಕ ಚಿಕ್ಕ ಎಕ್ಸ್‌ಚೇಂಜನ್ನು ರಚಿಸಿತು. ೧೨೮ ಸಾಲುಗಳ ಆ ಯಂತ್ರವನ್ನು ಮೊಟ್ಟಮೊದಲು ಹಚ್ಚಿದ್ದು ೧೯೮೬ರ ಜುಲೈಯಲ್ಲಿ, ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ. ಪರದೇಶದ ದೊಡ್ಡ ಪಟ್ಟಣಗಳಿಗಾಗಿ ಮಾಡಿದ ಯಂತ್ರವನ್ನು ಹಳ್ಳಿಗೆ ತಂದು ಹೊಂದಿಸುವದಕ್ಕಿಂತ, ಹಳ್ಳಿಗಾಗಿಯೇ ಯಂತ್ರವನ್ನು ಮಾಡುವದು ಮೇಲೆಂಬದು ಅದರಿಂದ ಸಿದ್ಧವಾಯಿತು. ಅದೇ ಸಿ-ಡಾಟ್ ಸಂಸ್ಥೆಯು ಮುಂದೆ ಸ್ವದೇಶದಲ್ಲಿಯೇ ಜಿಪಾನ್ ಯಂತ್ರವನ್ನು ರೂಪಿಸಿ, ಅದರ ರಚನೆಯನ್ನು ದೇಶದ ತಯಾರಕರಿಗೆ ಕೊಟ್ಟಿತು.

೨೦೧೧ರ ಅಕ್ಟೋಬರ ೨೫ರಂದು ಕೇಂದ್ರ ಮಂತ್ರಿಮಂಡಲವು ದೇಶದ ಸುಮಾರು ಎರಡೂವರೆ ಲಕ್ಷ ಗ್ರಾಮಪಂಚಾಯತಿಗಳಿಗೆ ಗಾಜಿನ ಎಳೆಯನ್ನು ಮುಟ್ಟಿಸುವ ಯೋಜನೆಗೆ ಒಪ್ಪಿಗೆಯನ್ನಿತ್ತಿತು. ಪ್ರತಿ ಪಂಚಾಯತಿಗೆ ಸೆಕೆಂದಿಗೆ ಹತ್ತು ಕೋಟಿ ಬಿಟ್ ವೇಗವು ಅದರ ಗುರಿ. ೨೦೧೨ರಲ್ಲಿ ರಾಜಸ್ಥಾನದ ಅರಾಯಿಂ, ತ್ರಿಪುರದ ಪಾನಿಸಾಗರ, ವಿಶಾಖಪಟ್ಟಣದ ಪರವಾಡ ಈ ಮೂರು ಬ್ಲಾಕುಗಳಲ್ಲಿ ಪರೀಕ್ಷೆ ನಡೆಯಿತು. ೨೦೧೫ರಲ್ಲಿ ಯೋಜನೆಗೆ ಭಾರತನೆಟ್ ಎಂಬ ಹೆಸರಾಯಿತು. ಒಂದು ಲಕ್ಷ ಪಂಚಾಯತಿಗಳ ಮೊದಲನೆಯ ಹಂತವು ೨೦೧೭ರ ಡಿಸೆಂಬರಿನಲ್ಲಿ ಮುಗಿಯಿತು. ಕರ್ನಾಟಕದ ಬಹುಪಾಲು ಪಂಚಾಯತಿಗಳು ಆ ಹಂತದಲ್ಲಿಯೇ ಸೇರಿದ್ದವು. ಇದರ ಹಣವು ಟೆಲಿಫೋನು ಕಂಪನಿಗಳ ಆದಾಯದಿಂದ ತೆಗೆದಿಟ್ಟ ಸಾರ್ವತ್ರಿಕ ಸೇವಾ ನಿಧಿಯಿಂದ ಬಂದದ್ದು. ಎಂದರೆ ಹಳ್ಳಿಯವನೂ ಪಟ್ಟಣದವನೂ ಫೋನಿಗೆ ಕೊಟ್ಟ ರೊಕ್ಕದ ಒಂದು ಪಾಲೇ ಈ ಎಳೆಯಾಗಿ ನೆಲದಲ್ಲಿ ಮಲಗಿದೆ.

ಯೋಜನೆಯ ಮರ್ಮವು ಹೀಗಿತ್ತು. ತಾಲೂಕಿನ ಊರುಗಳವರೆಗೆ ಸರಕಾರದ ಟೆಲಿಫೋನು ಇಲಾಖೆಯ ಎಳೆಯು ಮೊದಲೇ ಇದ್ದಿತು. ಅದನ್ನು ಹೊಸದಾಗಿ ಹೂಳಬೇಕಾಗಿಲ್ಲ. ಹಳೆಯ ಎಳೆಯು ಎಲ್ಲಿ ಮುಗಿಯುವದೋ ಅಲ್ಲಿಂದ ಪಂಚಾಯತಿಯವರೆಗಿನ ತುಂಡನ್ನು ಮಾತ್ರ ಹೂಳಿದರಾಯಿತು. ಬೆಳಕನ್ನು ಹೊರಡಿಸುವ ಯಂತ್ರವು ತಾಲೂಕಿನ ಎಕ್ಸ್‌ಚೇಂಜಿನಲ್ಲಿ, ನಡುದಾರಿಯಲ್ಲಿ ಸ್ಪ್ಲಿಟರು, ಪಂಚಾಯತಿಯಲ್ಲಿ ಪೆಟ್ಟಿಗೆ. ಕಾಗದದ ಮೇಲೆ ಇದಕ್ಕಿಂತ ಮಿತವ್ಯಯದ ದಾರಿ ಇನ್ನೊಂದಿಲ್ಲ.

ನೆಲದ ಮೇಲಿನ ಮಾತು ಬೇರೆ. ಈ ನಾಲ್ಕು ತಾಲೂಕುಗಳ ನೆಲವು ಒಂದೇ ತೆರನಾದುದಲ್ಲ. ಸವಣೂರಿನ ಕಡೆಯ ಎರೆ ಹೊಲಗಳು ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿದು, ಮಳೆಗಾಲದಲ್ಲಿ ಉಬ್ಬುವವು. ಹಾನಗಲ್ಲ ಸೀಮೆಯ ಗದ್ದೆಗಳಲ್ಲಿ ತಿಂಗಳುಗಟ್ಟಲೆ ನೀರು ನಿಲ್ಲುವದು. ಹಿರೇಕೆರೂರಿನ ಕಡೆಗೆ ಕಲ್ಲು ಮಸಾರಿ. ಎಳೆಯನ್ನು ಬರಿಯ ಮಣ್ಣಿನಲ್ಲಿ ಹೂಳದೆ ಗಟ್ಟಿ ಪ್ಲಾಸ್ಟಿಕ್ ಕೊಳವೆಯೊಳಗೆ ಇಳಿಸಿ, ೧.೬೫ ಮೀಟರು ಆಳದಲ್ಲಿ ಇಡಬೇಕೆಂದು ಇಲಾಖೆಯ ನಿಯಮವಿರುವದು ಇದಕ್ಕಾಗಿಯೇ. ಆಳು ಮುಳುಗುವಷ್ಟು ಅಗೆಯುವದು ಸುಮ್ಮನೆ ಮಾಡಿದ ನಿಯಮವಲ್ಲ. ನೇಗಿಲಿಗೂ ಚರಂಡಿಗೂ ಕುಡಿಯುವ ನೀರಿನ ಪೈಪಿಗೂ ಅದು ಸಿಗಬಾರದು. ಕಲ್ಲು ಸಿಕ್ಕಲ್ಲಿ ಆಳವನ್ನು ಕಡಿಮೆ ಮಾಡಿದರೆ, ಅಥವಾ ಗುತ್ತಿಗೆದಾರನು ಅವಸರ ಮಾಡಿದರೆ, ಮುಂದೊಂದು ದಿನ ಜೆಸಿಬಿಯ ಹಲ್ಲಿಗೆ ಎಳೆಯು ಬೀಳುವದು. ಜಾಲದ ಖರ್ಚಿನಲ್ಲಿ ಗಾಜಿನ ಪಾಲು ಸ್ವಲ್ಪ, ಅಗೆತದ ಪಾಲೇ ಬಹಳ. ಹೀಗಿರಲು ಅಗೆತದಲ್ಲಿ ಮಾಡಿದ ಮಿತವ್ಯಯವು ಮಿತವ್ಯಯವೇ ಅಲ್ಲ.

ಭಾರತನೆಟ್ಟಿನ ಮೊದಲನೆಯ ಹಂತಕ್ಕೆ ಮೂರು ದೋಷಗಳು ಅಂಟಿಕೊಂಡವು. ದೇಶದಲ್ಲೆಲ್ಲ ಕಂಡವು ಅವು, ಈ ಸೀಮೆಗೆ ಮಾತ್ರ ಸಂಬಂಧಿಸಿದವಲ್ಲ. ಎಳೆಯು ಒಂದೇ ದಾರಿಯಲ್ಲಿ ಮರದ ಕೊಂಬೆಯಂತೆ ಚಾಚಿದ್ದರಿಂದ, ಬುಡದ ಹತ್ತಿರ ಒಂದು ಕಡೆ ಕಡಿದರೆ ಮುಂದಿನ ಊರುಗಳೆಲ್ಲ ಕತ್ತಲೆಯಾಗುತ್ತಿದ್ದವು. ಮಾಸೂರಿನ ಮದಗದ ಕೆರೆಯ ಏರಿ ಒಡೆದ ಕಥೆಯನ್ನು ಬಲ್ಲ ಹಿರೇಕೆರೂರ ಸೀಮೆಯವರಿಗೆ, ಎಲ್ಲವೂ ಒಂದೇ ಒಡ್ಡಿನ ಮೇಲೆ ನಿಂತಾಗಿನ ಅಪಾಯವನ್ನು ವಿವರಿಸಬೇಕಾಗಿಲ್ಲ. ಎರಡನೆಯದು ವಿದ್ಯುತ್ತು. ನಡುವೆ ವಿದ್ಯುತ್ತು ಬೇಡವೆಂಬದು ನಿಜ. ಆದರೆ ಎರಡು ತುದಿಗಳಿಗೆ ಬೇಕೇ ಬೇಕು. ಪಂಚಾಯತಿಯ ಬಾಗಿಲು ಮುಚ್ಚಿದಾಗ ಮೇನ್ ಸ್ವಿಚ್ಚನ್ನು ತೆಗೆದು ಹೋದರೆ, ಅಥವಾ ಬ್ಯಾಟರಿ ಹಳತಾಗಿ ಸತ್ತಿದ್ದರೆ, ಒಂದು ಆಳು ಕೆಳಗೆ ಹೂಳಿದ ಬೆಳಕಿಗೆ ಅರ್ಥವೇ ಇಲ್ಲ.

ಮೂರನೆಯದು ಎಲ್ಲಕ್ಕೂ ಹಿರಿಯ ದೋಷ. ಯೋಜನೆಯು ಪಂಚಾಯತಿಯ ಗೋಡೆಯನ್ನು ಕೊನೆಯೆಂದು ಎಣಿಸಿತು. ಕಾಲುವೆಯ ನೀರು ಕೆರೆಯವರೆಗೆ ಬಂದು, ತೂಬಿಲ್ಲದ್ದರಿಂದ ಗದ್ದೆಗೆ ಇಳಿಯದೆ ನಿಂತಂತಾಯಿತು ಅದು. ಪಂಚಾಯತಿಯ ಬಾಪೂಜಿ ಸೇವಾ ಕೇಂದ್ರಕ್ಕೆ ಅದರಿಂದ ಉಪಯೋಗವಾಯಿತು, ಸುಳ್ಳಲ್ಲ. ಎಳೆಯು ಜೀವಂತವಾಗಿದ್ದ ದಿನ ವೃದ್ಧೆಯೊಬ್ಬಳು ಒಂದು ದಾಖಲೆಗಾಗಿ ತಾಲೂಕಿನ ಊರಿಗೆ ಬಸ್ಸು ಹತ್ತುವದು ತಪ್ಪಿತು. ಎಳೆ ಸತ್ತ ದಿನ ಆಕೆಯು ಕೂಲಿ ಬಿಟ್ಟು ಬಂದು ಬರಿಗೈಯಿಂದ ಮರಳಿದಳು. ಆದರೆ ನೂರು ಹೆಜ್ಜೆಯಾಚೆಯ ಶಾಲೆಗೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ವಿದ್ಯಾರ್ಥಿಗಳ ಪ್ರಸಾದನಿಲಯಕ್ಕೆ, ಒಕ್ಕಲಿಗನ ಮನೆಗೆ ಒಂದು ಕವಲನ್ನು ಎಳೆಯುವವರು ಯಾರೆಂಬದು ನಿಶ್ಚಯವಾಗದೆ ಉಳಿಯಿತು. ೨೦೨೦-೨೧ರ ರೋಗಕಾಲದಲ್ಲಿ ಶಾಲೆಗಳು ಮುಚ್ಚಿ ಪಾಠವೆಲ್ಲ ಫೋನಿನ ಮೇಲೆ ನಡೆದಾಗ ಹಳ್ಳಿಯ ಮಕ್ಕಳು ಸಿಗ್ನಲ್ಲನ್ನು ಹುಡುಕುತ್ತ ದಿಬ್ಬವನ್ನೂ ಮಾಳಿಗೆಯನ್ನೂ ಏರಿದುದನ್ನು ನಾಡೆಲ್ಲ ಕಂಡಿತು. ಬೆಳಕು ಅವರ ಊರಿನ ಪಂಚಾಯತಿಯಲ್ಲಿಯೇ ಇದ್ದಿತು. ಅಷ್ಟು ಹಣವನ್ನು ವೆಚ್ಚಮಾಡಿ ತಂದದ್ದನ್ನು ಕೊನೆಯ ನೂರು ಹೆಜ್ಜೆಗಳಿಗಾಗಿ ನಿಲ್ಲಿಸಿದುದು ಯಂತ್ರದ ಕೊರತೆಯಲ್ಲ, ವಿಚಾರದ ಕೊರತೆ.

ತಿದ್ದುಪಡಿಯೂ ಬಂದಿದೆ. ಈ ಕೆಲಸಕ್ಕೆಂದು ಹುಟ್ಟಿದ ಕಂಪನಿಯನ್ನು ಬಿಎಸ್‌ಎನ್‌ಎಲ್ಲಿನೊಡನೆ ಕೂಡಿಸಲು ೨೦೨೨ರಲ್ಲಿ ನಿಶ್ಚಯವಾಯಿತು. ೨೦೨೩ರ ಆಗಸ್ಟ ೪ರಂದು ೧,೩೯,೫೭೯ ಕೋಟಿ ರೂಪಾಯಿಗಳ ತಿದ್ದುಪಡಿಯಾದ ಭಾರತನೆಟ್ ಯೋಜನೆಗೆ ಮಂಜೂರಾತಿ ದೊರೆಯಿತು. ಅದರಂತೆ ತಾಲೂಕಿನಿಂದ ಪಂಚಾಯತಿಗಳವರೆಗಿನ ಎಳೆಯನ್ನು ಕೊಂಬೆಯಂತಲ್ಲದೆ ಬಳೆಯಂತೆ ಸುತ್ತಿಸತಕ್ಕದ್ದು. ಉದಾಹರಣೆಗೆ, ಹಾನಗಲ್ಲಿನಿಂದ ಹೊರಟ ಎಳೆಯು ಹಳ್ಳಿಗಳನ್ನು ಪೋಣಿಸುತ್ತ ಹೋಗಿ ಬೇರೆ ದಾರಿಯಿಂದ ಹಾನಗಲ್ಲಿಗೇ ಮರಳಿದರೆ, ಅಕ್ಕಿಆಲೂರಿನ ಬಳಿ ಕಡಿದರೂ ತಿಳವಳ್ಳಿಗೆ ಇನ್ನೊಂದು ಕಡೆಯಿಂದ ಬೆಳಕು ಬಂದೀತು. ಬಳೆಯ ಮೇಲೆ ಜಿಪಾನ್ ಯಂತ್ರದ ಬದಲಾಗಿ ದಾರಿಯನ್ನು ತಾನೇ ಆರಿಸಿಕೊಳ್ಳುವ ಬುದ್ಧಿವಂತ ಯಂತ್ರಗಳು ಬರುವವು. ಅವುಗಳಿಗೆ ಪಂಚಾಯತಿಯಲ್ಲಿ ಸರಿಯಾದ ವಿದ್ಯುತ್ತು ಇನ್ನೂ ಹೆಚ್ಚು ಅವಶ್ಯ. ಪ್ಯಾಸಿವ್ ಜಾಲವು ಅಲ್ಲಿಂದ ಮುಂದಕ್ಕೆ, ಪಂಚಾಯತಿಯಿಂದ ಮನೆಯವರೆಗಿನ ಕವಲುಗಳಿಗೆ ಸರಿಯುವದು. ಅ ಕವಲುಗಳೇ ಅದರ ನಿಜವಾದ ನೆಲೆಯೆಂದರೆ ತಪ್ಪಿಲ್ಲ. ಪಂಚಾಯತಿಯಲ್ಲದ ಸುಮಾರು ೩.೮ ಲಕ್ಷ ಹಳ್ಳಿಗಳಿಗೆ, ಬೇಡಿಕೆ ಬಂದಂತೆ ಎಳೆಯನ್ನು ಕೊಡುವದೂ ಅದರಲ್ಲಿ ಸೇರಿದೆ.

ಬೇಡಿಕೆ ಬಂದಂತೆ ಎಂಬ ಮಾತನ್ನು ಈ ಸೀಮೆಯವರು ಚೆನ್ನಾಗಿ ಗಮನಿಸತಕ್ಕದ್ದು. ಬೇಡದ ಹಳ್ಳಿಗೆ ಅದು ಬಾರದು. ಪಂಚಾಯತಿಯ ಸಭೆಯಲ್ಲಿ ಠರಾವು ಮಾಡಿ, ಎಷ್ಟು ಮನೆ, ಎಷ್ಟು ಶಾಲೆ, ಎಂಬದನ್ನು ಬರೆದು ಕೊಡುವ ಊರಿಗೂ ಸುಮ್ಮನಿರುವ ಊರಿಗೂ ಅಂತರವಾಗುವದು. ಒಂದು ಜಿಪಾನ್ ಕವಲಿನಲ್ಲಿ ಮೂವತ್ತೆರಡು ಮನೆಗಳು ಕೂಡಿದರೆ, ಎಲ್ಲರೂ ಒಮ್ಮೆಲೇ ಉಪಯೋಗಿಸಿದರೂ ಒಬ್ಬೊಬ್ಬರಿಗೆ ಸುಮಾರು ಏಳೂವರೆ ಕೋಟಿ ಬಿಟ್ ದಕ್ಕುವದು. ಒಂದು ಮನೆಯ ಓದು ಬರಹಕ್ಕೆ ಅದು ಧಾರಾಳ. ಕೂಡಿ ಕೇಳಿದರೆ ಖರ್ಚೂ ಇಳಿಯುವದು, ಏಕೆಂದರೆ ಕವಲಿನವರೆಗಿನ ಎಳೆಯು ಮೂವತ್ತೆರಡು ಜನರಿಗೆ ಒಂದೇ.

ಅಗೆಯುವವರ ವಿಷಯದಲ್ಲಿಯೂ ಒಂದು ಅನುಕೂಲವಾಗಿದೆ. ೨೦೨೩ರ ಮಾರ್ಚ ೨೨ರಂದು ‘ಕಾಲ್ ಬಿಫೋರ್ ಯು ಡಿಗ್’ ಎಂಬ ಫೋನಿನ ಸಾಧನವನ್ನು ಸರಕಾರವು ಬಿಡುಗಡೆ ಮಾಡಿತು. ಅಗೆಯುವ ಮೊದಲು ತಿಳಿಸಿರಿ ಎಂಬದು ಅದರ ಅರ್ಥ. ಅಗೆಯತಕ್ಕವನು ಅದರ ಮೂಲಕ ಸ್ಥಳವನ್ನು ತಿಳಿಸಿದರೆ, ಅಲ್ಲಿ ಹೂಳಿದ ಎಳೆ, ಪೈಪುಗಳ ಒಡೆಯರಿಗೆ ಸುದ್ದಿ ಮುಟ್ಟುವದು. ರಸ್ತೆಯ ಅಗಲೀಕರಣಕ್ಕೂ ನೀರಿನ ಪೈಪಿಗೂ ಗುತ್ತಿಗೆ ಕೊಡುವಾಗ ಪಂಚಾಯತಿಯವರು ಇದನ್ನು ಕರಾರಿನಲ್ಲಿ ಬರೆಯಿಸುವದು ಒಂದು ಸಾಲಿನ ಕೆಲಸ. ಹೊಸ ಕಾಂಕ್ರೀಟು ರಸ್ತೆಯನ್ನು ಹಾಕುವಾಗಲೇ ಅಡ್ಡಲಾಗಿ ಒಂದು ಖಾಲಿ ಕೊಳವೆಯನ್ನು ಇಟ್ಟುಬಿಟ್ಟರೆ, ನಾಳೆ ಎಳೆಗಾಗಿ ರಸ್ತೆಯನ್ನು ಒಡೆಯುವದು ತಪ್ಪುವದು.

ಕೊನೆಯ ಕವಲನ್ನು ಎಳೆಯತಕ್ಕವರು ಊರಿನ ತರುಣರೇ ಆಗಬಹುದು. ಬಿಎಸ್‌ಎನ್‌ಎಲ್ ಸಂಸ್ಥೆಯು ಕೇಬಲ್ ಟೀವಿಯವರನ್ನೂ ಸ್ಥಳಿಕ ಉದ್ಯೋಗಿಗಳನ್ನೂ ಪಾಲುದಾರರನ್ನಾಗಿ ಮಾಡಿಕೊಂಡು, ಮನೆಗಳಿಂದ ಬಂದ ಬಾಡಿಗೆಯಲ್ಲಿ ಅವರಿಗೆ ಪಾಲು ಕೊಡುವ ಏರ್ಪಾಡನ್ನು ನಡೆಸಿದೆ. ಭಾರತನೆಟ್ ಉದ್ಯಮಿ ಎಂಬ ಹೆಸರಿನವರು ಇಂಥವರೇ. ಅವರು ಕಲಿಯಬೇಕಾದ ವಿದ್ಯೆ ದೊಡ್ಡದಲ್ಲ, ಆದರೆ ಶುಚಿಯಾದುದು. ಕಡಿದ ಎಳೆಯ ಮೇಲಿನ ಹೊದಿಕೆಯನ್ನು ಸುಲಿದು, ಮದ್ಯಸಾರದಿಂದ ಒರಸಿ, ತುದಿಯನ್ನು ನೆಟ್ಟಗೆ ಕತ್ತರಿಸಿ, ಎರಡು ತುದಿಗಳನ್ನು ಪೆಟ್ಟಿಗೆಯಂಥ ಒಂದು ಯಂತ್ರದಲ್ಲಿ ಎದುರುಬದುರಾಗಿ ಇಡುವರು. ಯಂತ್ರವು ಎರಡರ ತಿರುಳನ್ನು ತಾನೇ ಹೊಂದಿಸಿ, ವಿದ್ಯುತ್ತಿನ ಕಿಡಿಯಿಂದ ಕರಗಿಸಿ ಬೆಸೆಯುವದು. ಕೈಯ ಬೆವರು ಹತ್ತಿದರೆ, ಧೂಳಿನ ಒಂದು ಕಣವು ನಡುವೆ ಬಂದರೆ, ಅಥವಾ ಎಳೆಯನ್ನು ಬೆರಳಿಗೆ ಸುತ್ತಿದಷ್ಟು ಬಿಗಿಯಾಗಿ ಬಗ್ಗಿಸಿದರೆ, ಬೆಳಕು ಸೋರಿಹೋಗುವದು. ಕೂಡಿಕೆಯು ಸರಿಯಾದರೆ ನೂರರಲ್ಲಿ ಒಂದೆರಡು ಪಾಲು ಬೆಳಕು ಸಹ ನಷ್ಟವಾಗುವದಿಲ್ಲ. ಬಂಕಾಪುರದಲ್ಲಿಯೋ ಹಂಸಭಾವಿಯಲ್ಲಿಯೋ ಹತ್ತನೆಯ ಇಯತ್ತೆ ಓದಿದ ಹುಡುಗ ಹುಡುಗಿಯರು ಈ ಕೆಲಸವನ್ನು ಕೆಲವೇ ವಾರಗಳಲ್ಲಿ ಕಲಿಯಬಲ್ಲರು. ಕೇಬಲು ಕಡಿದ ದಿನ ಹಾವೇರಿಯಿಂದಲೋ ಹುಬ್ಬಳ್ಳಿಯಿಂದಲೋ ಆಳು ಬರುವದನ್ನು ಕಾಯದೆ, ಅದೇ ಸಂಜೆ ಊರಿನ ಶಾಲೆಗೆ ಬೆಳಕು ಮರಳುವದು ಅಂಥವರು ಆ ಊರಿನಲ್ಲಿದ್ದರೆ ಮಾತ್ರ.